ಆಣೆ ಇಳಿಸಿದ ಭಾನುವಾರ

ಮೈಲಾರನ ಭಂಡಾರ ಮುಟ್ಟಿಸಿ ಆಣೆ ಹಾಕಿಸುವ ಯೋಚನೆ ನನ್ನದು. ಕೇಂದ್ರದ ಸಂಚಾಲಕರಾಗಲಿ ಡಾಕ್ಟರರಾಗಲಿ ಅದನ್ನು ಸೂಚಿಸಿರಲಿಲ್ಲ. ಅವರಿಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಪುಣೆಯ ಭೋಸರಿಯ ಕಾರ್ಖಾನೆಗಳ ಬೆನ್ನಿಗಿದ್ದ ಆ ವಸತಿಯಲ್ಲಿ ಮೈಲಾರಲಿಂಗನ ಗುಡಿಯೊಂದಿದೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಗುಡಿ ಎಂದರೆ ಮೇಲೆ ತಗಡು, ಮೂರು ಕಡೆ ಗೋಡೆ, ಒಳಗೆ ಊರಿನಿಂದ ಹೊತ್ತು ತಂದ ಒಂದು ಕಲ್ಲು. ಯಾದಗಿರಿ, ಶಹಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಮಾಡಿಕೊಂಡದ್ದು. ಮರಾಠಿ ಜನ ಅದನ್ನೇ ಖಂಡೋಬಾ ಎಂದು ಕೈಮುಗಿದು ಹೋಗುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಬ್ರೌನ್ ಶುಗರ್‌ಗೆ ಪುಣೆಯಲ್ಲಿ ಎಲ್ಲರೂ ಗರ್ದ ಎನ್ನುತ್ತಿದ್ದರು. ಮೊದಲು ಹೊಗೆ ಎಳೆಯುತ್ತಿದ್ದವರು ಆ ಹೊತ್ತಿಗೆ ಸೂಜಿಗೆ ಬಂದಿದ್ದರು. ನಮ್ಮ ವ್ಯಸನಮುಕ್ತಿ ಕೇಂದ್ರ ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ನಾನು ಅಲ್ಲಿ ಆಪ್ತಸಮಾಲೋಚಕಿ. ಬಂದವನ ತೂಕ, ರಕ್ತದೊತ್ತಡ, ಕಣ್ಣಿನ ಪಾಪೆ ನೋಡಿ ಸೇರಿಸಿಕೊಳ್ಳುವುದು. ಮೊದಲ ವಾರ ನಡುಕಕ್ಕೆ ಕ್ಲೋನಿಡಿನ್, ಭೇದಿಗೆ ಒಂದು ಮಾತ್ರೆ, ಮೈನೋವಿಗೆ ಇನ್ನೊಂದು. ಪ್ರತಿ ಸಲ ಕ್ಲೋನಿಡಿನ್ ಕೊಡುವ ಮುಂಚೆ ಒತ್ತಡ ಬಿದ್ದಿಲ್ಲವೆಂದು ಮತ್ತೆ ನೋಡುವುದು. ಎರಡನೆಯ ವಾರ ಊಟ ಸೇರುತ್ತದೆ, ನಿದ್ದೆ ಬರುವುದಿಲ್ಲ. ಆಮೇಲೆ ಗುಂಪಿನಲ್ಲಿ ಕೂತು ಮಾತು. ಅದು ಮರಾಠಿಯಲ್ಲಿ ನಡೆಯುತ್ತಿತ್ತು. ಕನ್ನಡದವರು ಗೋಡೆಗೆ ಒರಗಿ ಕುಳಿತು, ಉಳಿದವರು ನಕ್ಕಾಗ ನಕ್ಕು, ಎದ್ದು ಹೋಗುತ್ತಿದ್ದರು. ಹೀಗೆ ಬಿಡುಗಡೆಯಾದವರಲ್ಲಿ ಬಹಳ ಮಂದಿ ಬೇಗನೆ ಅದೇ ಮಂಚಕ್ಕೆ ಮರಳುತ್ತಿದ್ದರು.

ಒಮ್ಮೆ ಆ ವಸತಿಗೆ ಹೋದಾಗ ನಳದ ಹತ್ತಿರ ಇಬ್ಬರು ಹೆಂಗಸರ ಜಗಳ ನೋಡಿದೆ. ತಾಮ್ರದ ಕೊಡ ಕಳೆದಿತ್ತು. ಅರ್ಧ ಓಣಿ ಸೇರಿತ್ತು. ಕೊನೆಗೆ ಒಬ್ಬಳು ಗುಡಿಗೆ ಹೋಗಿ ಮೈಲಾರನ ಅರಿಸಿನ ಪುಡಿ, ಅಂದರೆ ಭಂಡಾರ, ಅಂಗೈಯಲ್ಲಿ ಹಿಡಿದು ತಾನು ಕದ್ದಿಲ್ಲವೆಂದಳು. ಅಷ್ಟಕ್ಕೆ ಎಲ್ಲರೂ ಚದುರಿದರು. ಕೊಡ ಕಳೆದುಕೊಂಡವಳು ಕೂಡ ಮತ್ತೆ ಬಾಯಿ ತೆರೆಯಲಿಲ್ಲ. ನಾವು ವಾರಗಟ್ಟಲೆ ಆಡಿದ ಮಾತಿಗೆ ಇಲ್ಲದ ಬಲ ಈ ಚಿಟಿಕೆ ಪುಡಿಗಿದೆ ಎಂದು ನನಗೆ ಅನಿಸಿತು. ನಾನು ಓದಿದ ಪುಸ್ತಕಗಳು ಸಮುದಾಯದ ನಂಬಿಕೆಯನ್ನು ಬಳಸಿಕೊಳ್ಳಿ ಎನ್ನುತ್ತಿದ್ದವು. ಬಳಸಿಕೊಂಡೆ.

ಗುಡಿಯ ಪೂಜಾರಿಯನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಹಗಲು ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು, ಸಂಜೆ ಪೂಜೆ. ನನ್ನ ಮಾತು ಕೇಳಿ ಆತ ಗಡ್ಡ ಕೆರೆದುಕೊಂಡ.

“ಆಣಿ ಅಂದ್ರ ಹುಡುಗಾಟಿಕಿ ಅಲ್ರಿ ಅಕ್ಕೋರೆ. ಮಾತು ಯಾರ್ದು?”

“ಅಂದರೆ?”

“ಆಣಿ ಹಾಕ್ಸೋರು ಯಾರು? ಭಂಡಾರ ನಾ ಕೊಡ್ತೀನಿ. ಮಾತು ಹಾಕ್ಸೋರು ಹೇಳಬೇಕು, ಆಣಿ ಮಾಡಾಂವ ಅದನ್ನ ತಿರುಗಿ ಅನ್ನಬೇಕು.”

ಅದೊಂದು ವಿಧಿಯೆಂದು ತಿಳಿದು ಒಪ್ಪಿಕೊಂಡೆ. ಕೇಂದ್ರದಿಂದ ಬಿಡುಗಡೆಯಾದವನು ಭಾನುವಾರ ಸ್ನಾನ ಮಾಡಿ ಬಂದು ನಿಲ್ಲುತ್ತಿದ್ದ. ಮನೆಯವರು, ಓಣಿಯವರು ಸುತ್ತ ನಿಲ್ಲುತ್ತಿದ್ದರು. “ಇನ್ನ ಮ್ಯಾಲ ಗರ್ದ ಮುಟ್ಟಂಗಿಲ್ಲ” ಎಂದು ನಾನು ಹೇಳುತ್ತಿದ್ದೆ, ಅವನು ಹೇಳುತ್ತಿದ್ದ. ಎಲ್ಲರೂ ಒಮ್ಮೆ ಮೈಲಾರನ ಹೆಸರಿನಲ್ಲಿ ಏಳುಕೋಟಿ ಎಂದು ಕೂಗುತ್ತಿದ್ದರು. ಅಂಗೈಯ ಭಂಡಾರವನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಅವನ ಮನೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ಮೊದಲ ಕೆಲವರು ನಿಜವಾಗಿಯೂ ನಿಂತರು. ಸಂಚಾಲಕರು ಬೇರೆ ಕೇಂದ್ರದವರನ್ನು ಕರೆತಂದು ಗುಡಿಯನ್ನು ತೋರಿಸಿದರು. ನಾನು ಬೇಡವೆನ್ನಲಿಲ್ಲ.

ಹಾಗೆ ಆಣೆ ಮಾಡಿದವರಲ್ಲಿ ಒಬ್ಬ ಸೆಂಟ್ರಿಂಗ್ ಕೆಲಸದವನಿದ್ದ. ಕಟ್ಟಡದ ಸ್ಲ್ಯಾಬಿಗೆ ಹಲಗೆ ಕಟ್ಟುವ ಕೆಲಸ. ಹೆಂಡತಿ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ವಾರ್ಡಿನಲ್ಲಿ ಆತ ಎಲ್ಲರನ್ನೂ ನಗಿಸುತ್ತಿದ್ದ.

“ಅಕ್ಕೋರೆ, ನಿಮ್ಮ ಗುಳಿಗಿ ನುಂಗಿ ನುಂಗಿ ನನ್ನ ಹೊಟ್ಟ್ಯಾಗ ಒಂದು ಮೆಡಿಕಲ್ ಅಂಗಡಿ ಆಗ್ಯದ. ಹೊರಗೊಂದು ಬೋರ್ಡ್ ಹಾಕಿಬಿಡ್ರಿ.”

“ಸುಮ್ಮನೆ ಮಲಗು.”

“ಮಲಗ್ತಿದ್ರ ಗುಳಿಗಿ ಯಾಕ ಬೇಕಾಗಿತ್ತ್ರಿ?”

ಬಿಡುಗಡೆಯ ದಿನ ಅವನಿಗೆ ಎಲ್ಲ ಹೇಳಿದೆ: ಹಳೆಯ ಗೆಳೆಯರ ಸಹವಾಸ ಬೇಡ, ಸಂಬಳವನ್ನು ಹೆಂಡತಿಯ ಕೈಗೆ ಕೊಡು, ಹೊತ್ತಿಗೆ ಊಟ ಮಾಡು. ಒಂದನ್ನು ಹೇಳಲಿಲ್ಲ. ಗರ್ದ ಬಿಟ್ಟು ಕೆಲವು ವಾರ ಕಳೆದರೆ ಅದನ್ನು ತಾಳುವ ಶಕ್ತಿ ದೇಹದಿಂದ ಹೋಗಿರುತ್ತದೆ. ಮತ್ತೆ ತೆಗೆದುಕೊಳ್ಳುವವನು ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ, ಉಸಿರು ನಿಧಾನವಾಗುತ್ತ ನಿಂತುಬಿಡುತ್ತದೆ. ಇದು ಡಾಕ್ಟರರಿಗೂ ನನಗೂ ಗೊತ್ತಿತ್ತು. ಬಿಡುಗಡೆಯಾಗುವವನಿಗೆ ಹೇಳಬಾರದೆಂಬುದು ಕೇಂದ್ರದ ಪದ್ಧತಿ. ಹೇಳಿದರೆ ಕಡಿಮೆ ತೆಗೆದುಕೋ ಎಂದು ನಾವೇ ದಾರಿ ತೋರಿದಂತಾಗುತ್ತದೆ ಎಂದು ಸಂಚಾಲಕರು ಹೇಳುತ್ತಿದ್ದರು. ಅದರಲ್ಲಿ ನನಗೆ ತಪ್ಪು ಕಾಣಿಸಿರಲಿಲ್ಲ. ಆಣೆ ಮಾಡಲಿರುವವನ ಹತ್ತಿರ ಆಣೆ ಮುರಿದರೆ ಏನಾಗುತ್ತದೆಂದು ಮಾತಾಡುವುದು ಅಪಶಕುನದಂತೆಯೂ ಇತ್ತು.

ಆಣೆಯಾದ ಮೇಲೆ ನಾನು ಗುರುವಾರಗಳಂದು ವಸತಿಗೆ ಹೋಗುತ್ತಿದ್ದೆ. ಮೊದಮೊದಲು ಆತ ಬಾಗಿಲಲ್ಲೇ ಸಿಗುತ್ತಿದ್ದ. ಮಳೆಗಾಲ ಕಳೆದ ಮೇಲೆ ಒಂದು ಗುರುವಾರ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡಿದ್ದ. ಮೂಗು ಸೋರುತ್ತಿತ್ತು. ನನ್ನನ್ನು ನೋಡಿ ಚಹಾ ತರುತ್ತೇನೆಂದು ಹೊರಗೆ ಹೋದವನು ಬರಲಿಲ್ಲ. ಹೆಂಡತಿ ಅಲ್ಲೇ ಇದ್ದಳು. ಅತ್ತೆ ಇದ್ದಳು. ಪಕ್ಕದ ಮನೆಯ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ಅವರೆದುರು ಕೇಳಿದರೆ ಆಣೆ ಮುರಿದೆಯಾ ಎಂದು ಕೇಳಿದಂತೆ. ಬೇರೆ ಯಾವ ಮಾತಿನಿಂದಲೂ ಅದನ್ನು ಕೇಳಲು ಆಗುತ್ತಿರಲಿಲ್ಲ; ಎಲ್ಲ ಮಾತುಗಳನ್ನೂ ಆ ಒಂದು ಮಾತು ನುಂಗಿತ್ತು. ಮುಂದಿನ ವಾರ ಒಬ್ಬನೇ ಸಿಕ್ಕಾಗ ಕೇಳೋಣ ಎಂದುಕೊಂಡು ಬಸ್ಸು ಹತ್ತಿದೆ.

ಮುಂದಿನ ವಾರಕ್ಕೆ ಮೊದಲೇ, ಅವನು ಕೆಲಸ ಮಾಡದ ಬೇರೊಂದು ಕಟ್ಟಡದ ಮೇಲ್ಛಾವಣಿಯಲ್ಲಿ, ನೀರಿನ ಟಾಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅವನ ಶವ ಸಿಕ್ಕಿತು. ಪ್ಲಂಬರ್ ಒಬ್ಬ ಮಧ್ಯಾಹ್ನ ಕೊಳವೆ ನೋಡಲು ಹತ್ತಿದಾಗ ಕಂಡದ್ದು. ಪೋಸ್ಟ್‌ಮಾರ್ಟಮ್ ಆಯಿತು. ಡಾಕ್ಟರು ಅದರ ವರದಿ ಓದಿ ಪಕ್ಕಕ್ಕಿಟ್ಟು, ಹಳೆಯ ಅಳತೆ, ಎಂದು ಮರಾಠಿಯಲ್ಲಿ ಹೇಳಿದರು.

ವಸತಿಯಲ್ಲಿ ಬೇರೆ ಮಾತು ಹುಟ್ಟಿತು. ಭಂಡಾರ ಬಡಿದು ಸತ್ತ ಎಂದರು. ಆಣೆ ಮುರಿದವನನ್ನು ಮೈಲಾರ ಬಿಡಲಿಲ್ಲ. ಮಣ್ಣು ಮಾಡಿದ ಮೇಲೆ ನಾನು ಹೋದಾಗ ಅವನ ಹೆಂಡತಿ ಎದ್ದು ಬಂದು ಎರಡೂ ಕೈಯಿಂದ ನನ್ನ ಕೈ ಹಿಡಿದಳು.

“ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರೆ. ನೀವು ಮಂದಿ ಮುಂದ ನಿಂತು ಮಾತು ಹಾಕಿದ್ರಿ. ನಮ್ಮಾಂವ ಅದನ್ನ ಉಳಸಲಿಲ್ಲ. ನಿಮ್ಮ ಹೆಸರು ಕೆಡಿಸಿದ.”

ನನ್ನ ಕ್ಷಮೆ ಕೇಳುತ್ತಿದ್ದಳು. ಅವಳಿಗೆ ಆಗಲೇ ನಿಜ ಹೇಳಬೇಕಿತ್ತು. ನಾನು ಆಕೆಯ ಕೈ ಬಿಡಿಸಿಕೊಂಡು, ನೀನು ಊಟ ಮಾಡಿದೆಯಾ ಎಂದು ಕೇಳಿದೆ.

ಕೇಂದ್ರದಲ್ಲಿ ಸಂಚಾಲಕರು ಅದನ್ನು ಬೇರೆ ರೀತಿ ನೋಡಿದರು. ಒಂದು ಸಾವು ದುಃಖದ ವಿಷಯ, ಆದರೆ ಈ ಹೆದರಿಕೆ ಉಳಿದವರನ್ನು ಕಾಪಾಡುತ್ತದೆ, ಇನ್ನು ಯಾರೂ ಮುಟ್ಟುವುದಿಲ್ಲ ನೋಡಿ, ಎಂದರು. ಹಾಗೇ ಆಗಲಿ ಎಂದು ನಾನೂ ಬಯಸಿದೆ. ಹಾಗಾದರೆ ಆ ಸಾವಿಗೆ ಏನೋ ಒಂದು ಪ್ರಯೋಜನ ಇದ್ದಂತಾಗುತ್ತಿತ್ತು. ಗುರುವಾರಗಳು ಕಳೆದವು. ಆ ಹೆಂಗಸು ಪ್ರತಿ ಭಾನುವಾರ ಗಂಡನ ತಪ್ಪಿಗೆ ಉಪವಾಸವಿದ್ದು, ಗುಡಿಯ ಕಟ್ಟೆ ಸಾರಿಸಿ, ಹೊರಗೇ ನಿಂತು ಕೈಮುಗಿಯುತ್ತಿದ್ದಳು. ಒಳಗೆ ಬರಬೇಡವೆಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ.

ಅವಳಿಗೊಬ್ಬ ತಮ್ಮನಿದ್ದ. ಭೋಸರಿಯದೇ ಒಂದು ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ, ಭಾವನ ಜೊತೆಯಲ್ಲೇ ಗರ್ದ ಕಲಿತವನು. ಆ ಚಳಿಗಾಲದಲ್ಲಿ ಅವಳು ಅವನನ್ನು ಕೇಂದ್ರಕ್ಕೆ ಎಳೆತಂದು ಸೇರಿಸಿದಳು. ವಾರ್ಡಿನಲ್ಲಿ ಅವನ ದೇಹ ಬೇಗ ಚೇತರಿಸಿತು. ಬಿಡುಗಡೆಗೆ ಕೆಲವೇ ದಿನ ಉಳಿದಿರುವಾಗ ಅವಳು ನನ್ನ ಹತ್ತಿರ ಬಂದಳು.

“ಇವಂಗ ಗಟ್ಟಿ ಆಣಿ ಹಾಕ್ರಿ. ಸಾದಾ ಬ್ಯಾಡ. ನನ್ನ ತಲಿ ಮ್ಯಾಲ ಕೈ ಇಟ್ಟು ಅನ್ನಲಿ, ಮುಟ್ಟಿದ್ರ ನಮ್ಮಕ್ಕ ಸಾಯ್ಲಿ ಅಂತ. ಆಗ ಅಂಜತಾನ.”

ನೋಡೋಣ ಎಂದೆ. ಅವಳು ಹೋದ ಮೇಲೆ ತಮ್ಮನನ್ನು ಮೆಟ್ಟಿಲ ಹತ್ತಿರ ಕರೆದು ಕೂರಿಸಿ, ಆಣೆಗೆ ಸಿದ್ಧನಿದ್ದೀಯಾ ಎಂದು ಕೇಳಿದೆ.

“ಮಾಡ್ತೀನ್ರಿ. ಮಾಡದಿದ್ರ ಮನ್ಯಾಗ ಕರಕೊಳ್ಳಂಗಿಲ್ಲ ಆಕಿ.”

“ಮತ್ತೆ ಆಸೆಯಾದರೆ?”

ಅವನು ನಕ್ಕ. “ಆದ್ರ ನಿಮಗಂತೂ ಗೊತ್ತಾಗಂಗಿಲ್ಲ ಬಿಡ್ರಿ. ರಾಂಜಣಗಾಂವ ಕಡಿ ಹೊಸಾ ಫ್ಯಾಕ್ಟರಿ ಎದ್ದಾವ. ಅಲ್ಲಿ ನಮ್ಮ ಮಂದಿ ಯಾರೂ ಇಲ್ಲ. ಹೋಗಿ ಎಲ್ಲ್ಯರ ಮರಿ ಹಿಡಕೊಂಡು ತಗೊಂಡು ಬರ್ತೀನಿ. ಮಾಮಾ ತಪ್ಪ ಮಾಡಿದ, ಭಾಳ ಸಮೀಪ ಹೋದ.”

“ಏನು ಹಾಗೆಂದರೆ?” ಮಾಮಾ ಎಂದರೆ ಅವನ ಭಾವ, ಸತ್ತವನು.

“ಅಂವ ಆ ದಿನ ಮೂರ್ನಾಕು ಸೈಟ್ ತಿರುಗ್ಯಾನ್ರಿ. ಎಲ್ಲಿ ಹೋದ್ರೂ ನಮ್ಮವರ ಇರ್ತಾರಲ್ಲ, ಕನ್ನಡ ಕೇಳ್ತದ, ಮುಂದ ಹೋದ. ನನಗ ಕೇಳಿದ, ನೀ ಬರ್ತೀಯೇನ್ಲೇ ಅಂತ. ನಾ ಒಲ್ಲೆ ಅಂದೆ. ನಾನೂ ಆಣಿ ಮುರಿಯೋದು ನೋಡಿದಾಂವ ಆಗ್ತಿದ್ದೆನಲ್ಲ. ನನಗೂ ಬಡಿತಿತ್ತು.”

ಇಷ್ಟು ಹೇಳಿ, ಸಂಜೆಗೆ ಉಪ್ಪಿಟ್ಟೋ ಪೋಹೆಯೋ ಎಂದು ಕೇಳಿದ. ಪೋಹೆ ಎಂದೆ.

ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಅದನ್ನು ಮತ್ತೆ ಜೋಡಿಸಿದೆ. ಮೊದಲು ಆ ವಸತಿಯ ಗಂಡಸರು ನಾಲ್ಕೈದು ಮಂದಿ ಕೂಡಿಯೇ ಗರ್ದ ತೆಗೆದುಕೊಳ್ಳುತ್ತಿದ್ದರು, ರೈಲು ಹಳಿಯ ಪಕ್ಕ, ಎಲ್ಲರಿಗೂ ಕಾಣುವಂತೆ. ಒಬ್ಬ ಬಿದ್ದರೆ ಇನ್ನೊಬ್ಬ ಕಪಾಳಕ್ಕೆ ಹೊಡೆದು ಎಬ್ಬಿಸುತ್ತಿದ್ದ, ನೀರು ಸುರಿಯುತ್ತಿದ್ದ, ರಿಕ್ಷಾ ತರುತ್ತಿದ್ದ. ಅವರಿಗೆ ಅದೇ ಇದ್ದ ರಕ್ಷೆ. ನಾನು ಹಾಕಿಸಿದ ಆಣೆ ಗರ್ದವನ್ನು ಕೆಲವರಿಂದ ದೂರ ಮಾಡಿತು. ಜಾರಿದವನಿಂದ ಮನುಷ್ಯರನ್ನು ದೂರ ಮಾಡಿತು. ಆತ ಸಾಯಲು ಬೇಕಾದ ಎರಡೂ, ಅಂದರೆ ಗೊತ್ತಿಲ್ಲದ ಅಳತೆ ಮತ್ತು ಯಾರೂ ಇಲ್ಲದ ಜಾಗ, ನಮ್ಮಿಂದಲೇ ಒದಗಿದ್ದವು. ಈಗ ಅವನ ಹೆಂಡತಿಯ ತಮ್ಮನಿಗೂ ಅದನ್ನೇ, ಇನ್ನಷ್ಟು ಗಟ್ಟಿಯಾಗಿ, ಕಟ್ಟಿಕೊಡಲು ಅವಳೇ ನನ್ನನ್ನು ಕೇಳಿದ್ದಳು.

ಮರುದಿನ ಡಾಕ್ಟರರ ಹತ್ತಿರ ಹೋಗಿ, ಬಿಡುಗಡೆಯಾಗುವವರಿಗೆ ಅಳತೆಯ ವಿಷಯ ಹೇಳಬೇಕು, ಉಸಿರು ನಿಂತಾಗ ಏನು ಮಾಡಬೇಕೆಂದು ಮನೆಯವರಿಗೆ ಕಲಿಸಬೇಕು, ಆಣೆ ನಿಲ್ಲಿಸಬೇಕು ಎಂದೆ. ಅವರು ಕನ್ನಡಕ ತೆಗೆದರು.

“ಹೇ ಬಘ್,” ಇಲ್ಲಿ ನೋಡು, ಎಂದು ಶುರುಮಾಡಿ ಮರಾಠಿಯಲ್ಲಿ ಕೇಳಿದರು, “ನೀನು ಅವರಿಗೆ ಗರ್ದ ತೆಗೆದುಕೊಳ್ಳುವ ಪಾಠ ಮಾಡುತ್ತೀಯಾ?”

“ಸಾಯದಿರುವ ಪಾಠ.”

“ಸಂಚಾಲಕರು ನಿನ್ನನ್ನು ಮನೆಗೆ ಕಳಿಸುತ್ತಾರೆ.”

“ನೀವು?”

ಅವರು ಫ್ರಿಜ್ಜಿನ ಬಾಗಿಲು ತೆರೆದು, ನಾಲೊಕ್ಸೋನ್ ಆಂಪೂಲ್‌ಗಳ ಮೇಲಿನ ತಾರೀಖು ನೋಡಿದರು. ಗರ್ದದಿಂದ ನಿಂತ ಉಸಿರನ್ನು ಮರಳಿಸುವ ಮದ್ದು ಅದು. ಮೂಲೆಯಲ್ಲಿ ಬಿದ್ದಿತ್ತು, ಬಳಸಿದ ನೆನಪೇ ನಮಗಿರಲಿಲ್ಲ. ಹಳೆಯದನ್ನು ಎಸೆದು ಹೊಸದು ತರಿಸುತ್ತೇನೆ ಎಂದರು. ಸಂಚಾಲಕರು ಮಾತ್ರ ಒಪ್ಪಲಿಲ್ಲ. ಕೇಂದ್ರದ ಹೆಸರಿನಲ್ಲಿ ಇದು ನಡೆಯಕೂಡದು, ನಿಮ್ಮ ರಜೆಯ ದಿನ ನೀವೇನು ಮಾಡುತ್ತೀರೋ ನನಗೆ ಗೊತ್ತಿಲ್ಲ ಎಂದರು. ಭಾನುವಾರ ನನ್ನ ರಜೆ.

ಶನಿವಾರ ಮಧ್ಯಾಹ್ನ ಮುತ್ಯಾನ ಹತ್ತಿರ ಹೋದೆ. ಆಣೆಗಳನ್ನು ತೆಗೆದುಬಿಡು ಎಂದು ಅವನನ್ನೇ ಕೇಳುವ ಉದ್ದೇಶ ನನ್ನದು. ಆತ ಕಾರ್ಖಾನೆಯ ಗೇಟಿನ ಸ್ಟೂಲಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ.

“ನಾ ಹ್ಯಾಂಗ ಇಳಸ್ಲಿ? ಹಾಕಿದವರ ಇಳಸಬೇಕು. ಮಾತು ನಿಮ್ದು.”

“ನಾನು ಏನು ಮಾಡಬೇಕು?”

“ಮಂದಿ ಮುಂದ ನಿಲ್ರಿ. ಯಾಕ ಇಳಸ್ತೀರಿ ಅಂತ ಹೇಳ್ರಿ. ಸುಳ್ಳು ಹೇಳಂಗಿಲ್ಲ, ಮೈಲಾರ ಕುಂತಿರ್ತಾನ. ಆಣಿ ಮಾಡಿದವರು ತಮ್ಮ ತಮ್ಮ ಗಂಟು ತಂದು ನಿಮ್ಮ ಕೈಯಾಗ ಬಿಚ್ಚತಾರ. ನಾ ಹಾಕಿದ್ದು ನಾ ಹೊತ್ಕೊಂಡೆ ಅನ್ನಬೇಕು ನೀವು. ಅಷ್ಟ.”

“ಹೊತ್ತುಕೊಂಡರೆ?”

“ಆ ಆಣಿದು ಏನೈತಿ ಅದು ನಿಮ್ಮ ಮ್ಯಾಲ.” ತಂಬಾಕು ಬಾಯಿಗೆ ಹಾಕಿಕೊಂಡು ನನ್ನನ್ನು ನೋಡಿದ. “ನೀವು ಇದನ್ನೆಲ್ಲ ನಂಬಂಗಿಲ್ಲ. ನಿಮಗೇನ್ ಭಾರ?”

ನಾನು ಹೆಚ್ಚು ಜನರೆದುರು ಮಾತಾಡುವವಳಲ್ಲ. ಮನೆಯಲ್ಲಿ ಕೂಡ ಕೆಲಸದ ವಿಷಯ ಹೇಳುತ್ತಿರಲಿಲ್ಲ. ಭಾನುವಾರ ಗುಡಿಯ ಮುಂದೆ ನಿಂತಾಗ ಮೊದಲ ವಾಕ್ಯವನ್ನು ಎರಡು ಸಲ ಹೇಳಬೇಕಾಯಿತು, ಹಿಂದಿನವರಿಗೆ ಕೇಳಲಿಲ್ಲವಂತೆ. ಸೆಂಟ್ರಿಂಗ್ ಕೆಲಸದವನು ದೇವರ ಸಿಟ್ಟಿಗೆ ಸತ್ತಿಲ್ಲ ಎಂದೆ. ಬಿಟ್ಟವನ ದೇಹ ಹಳೆಯ ಅಳತೆಯನ್ನು ತಾಳುವುದಿಲ್ಲ, ಅದು ನಮಗೆ ಗೊತ್ತಿತ್ತು, ಅವನಿಗೆ ಹೇಳಿರಲಿಲ್ಲ. ಆಣೆಗೆ ಹೆದರಿ ಅವನು ಯಾರೂ ಇಲ್ಲದ ಜಾಗಕ್ಕೆ ಹೋದ. ಯಾರಾದರೂ ಪಕ್ಕದಲ್ಲಿದ್ದಿದ್ದರೆ ಬದುಕಬಹುದಿತ್ತು. ಆಣೆ ಹಾಕಿಸಿದವಳು ನಾನು.

ಒಬ್ಬ ಮುದುಕಿ ಕಟ್ಟೆಯಿಂದಲೇ, “ಸಾಲಿ ಕಲ್ತಾಕಿ ದೇವರ ಮಾತು ತಗೊಂಡು ಆಟ ಆಡಿದ್ಳು. ಈಗ ಆಟ ಸಾಕಾತು ಅಂತ ವಾಪಸ್ ಕೊಡಾಕ ಬಂದಾಳ,” ಎಂದಳು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಸತ್ತವನ ಹೆಂಡತಿ ಎಂದಿನಂತೆ ಹೊರಗೆ ನಿಂತಿದ್ದಳು.

“ಹಂಗಾರ ದೇವ್ರು ಹೊಡೀಲಿಲ್ಲೇನು ಅವಂಗ?”

“ಇಲ್ಲ.”

“ಇಷ್ಟ ದಿನ ನಾ ಉಪಾಸ ಮಾಡೀನಿ. ನೀವು ನೋಡೀರಿ.”

“ನೋಡಿದ್ದೇನೆ.”

ಮುತ್ಯಾ ಗಂಟು ತರ್ರಿ ಎಂದು ಕರೆದ. ಒಬ್ಬೊಬ್ಬರೇ ಬಂದು ನನ್ನ ಅಂಗೈಯಲ್ಲಿ ಬಿಚ್ಚಿದರು. ಕೆಲವರು ತರಲಿಲ್ಲ, ತಮ್ಮ ಆಣೆ ತಮಗಿರಲಿ ಎಂದರು. ಅವರನ್ನು ಒತ್ತಾಯಿಸಲಿಲ್ಲ. ನಾ ಹಾಕಿದ್ದು ನಾ ಹೊತ್ಕೊಂಡೆ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಎಲ್ಲ ಮುಗಿಯಿತೆನ್ನುವಾಗ ಆ ಹೆಂಗಸು ಮನೆಗೆ ಹೋಗಿ ಗಂಡನ ಗಂಟು ತಂದಳು. ಸತ್ತವನ ಆಣೆ ಇಳಿಸುವುದುಂಟೇ ಎಂದು ಯಾರೋ ಗುಣುಗುಟ್ಟಿದರು. ಅವಳು ಹಲ್ಲಿನಿಂದ ಗಂಟು ಬಿಡಿಸಿ ಪುಡಿಯನ್ನು ನನ್ನ ಕೈಗೆ ಸುರಿದು, ನಾನು ಆ ಮಾತು ಹೇಳಿ ಮುಗಿಸುವವರೆಗೆ ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ.

ಆಣೆಯ ಜಾಗಕ್ಕೆ ಏನು ಎಂಬುದು ಮುಂದಿನ ಪ್ರಶ್ನೆ. ಅದನ್ನು ವಸತಿಯವರೇ ಜಗಳಾಡಿ ತೀರ್ಮಾನಿಸಿದರು. ಹಲವು ಸಂಜೆ ಹಿಡಿಯಿತು. ಕೊನೆಗೆ ಮುತ್ಯಾ ಅದನ್ನು ಹೀಗೆ ಹೇಳಿದ: “ಜಾರಿದ್ರ ಜಾರೀನಿ ಅಂತ ಹೇಳ್ರಿ. ಬೈತೀವಿ. ಮನಸಾರೆ ಬೈತೀವಿ. ಹೊಡ್ಯಂಗಿಲ್ಲ, ಹೊರಗ ಹಾಕಂಗಿಲ್ಲ. ಆದ್ರ ಒಬ್ಬನ ಹೋಗಬ್ಯಾಡ್ರಿ.” ಬಿಟ್ಟವರು ಗುಡಿಯ ಕಟ್ಟೆಯಲ್ಲಿ ಸಂಜೆ ಕೂರತೊಡಗಿದರು. ಕನ್ನಡದಲ್ಲಿ ಮಾತು. ಬಹುಪಾಲು ಕೂಲಿ ಕೊಡುವ ಮುಕಾದಮನನ್ನು ಬೈಯುವುದು. ಗರ್ದದ ಮಾತು ನಡುವೆ ಬಂದು ಹೋಗುತ್ತಿತ್ತು. ನಾನು ಅಲ್ಲಿ ಇರಬೇಕಾಗಿಯೇ ಇರಲಿಲ್ಲ.

ನನ್ನ ಕೆಲಸ ಉಸಿರು ಕಲಿಸುವುದು. ಡಾಕ್ಟರು ಒಂದು ಭಾನುವಾರ ಬಂದರು. ಕೌದಿ ಸುತ್ತಿ ಮನುಷ್ಯನಂತೆ ಮಲಗಿಸಿ, ಹೆಂಗಸರಿಗೆ ತೋರಿಸಿದೆವು: ತುಟಿ ನೀಲಿಯಾದರೆ, ಗೊರಕೆಯಂತೆ ಗಂಟಲು ಕರಗುಟ್ಟಿದರೆ, ಕೂಗಿದರೂ ಎದೆ ತಿಕ್ಕಿದರೂ ಏಳದಿದ್ದರೆ ಅದು ನಿದ್ದೆಯಲ್ಲ. ಉಪ್ಪುನೀರು, ಹಾಲು ಏನೂ ಬಾಯಿಗೆ ಹಾಕಬೇಡಿ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಂದ ಉಸಿರು ಊದಿ, ಎದೆ ಏಳುತ್ತದೆಯೇ ನೋಡಿ. ಉಸಿರಾಡತೊಡಗಿದರೆ ಮಗ್ಗುಲಾಗಿ ಮಲಗಿಸಿ. ಒಬ್ಬರು ಊದುತ್ತಿರುವಾಗ ಇನ್ನೊಬ್ಬರು ಓಡಿಹೋಗಿ ಎಸ್‌ಟಿಡಿ ಬೂತಿನಿಂದ ಕೇಂದ್ರಕ್ಕೆ ಫೋನ್ ಮಾಡಿ.

“ಬಾಯಿಗೆ ಬಾಯಿ ಹಚ್ಚೂದಾ?” ಎಂದಳು ಒಬ್ಬಳು. “ಯವ್ವಾ, ನಮ್ಮಾಂವನ ಬೀಡಿ ನಾತಕ್ಕ ನನ್ನ ಉಸಿರು ಮೊದಲು ಹೋಗ್ತದ!”

“ಹಂಗಾರ ಆಜೂಬಾಜೂದವರಿಗೆ ಊದು,” ಎಂದಳು ಇನ್ನೊಬ್ಬಳು. ನಗೆಯೆದ್ದಿತು. ಡಾಕ್ಟರು ಏನೆಂದು ಕೇಳಿದರು. ಅನುವಾದಿಸಲಿಲ್ಲ. ಸತ್ತವನ ಹೆಂಡತಿ ಕಲಿಯಲು ಬರಲಿಲ್ಲ. ನಳದ ಹತ್ತಿರ ತುಂಬಿದ ಕೊಡವನ್ನು ಎತ್ತದೆ ನಿಂತು ನೋಡಿದಳು.

ಈ ನಡುವೆ ಅವಳ ತಮ್ಮ ಬಿಡುಗಡೆಯಾದ. ಅವನಿಗೆ ಎಲ್ಲ ಹೇಳಿದೆ, ಅಳತೆಯದೂ ಸೇರಿ. ಅವನು ತಲೆ ತಗ್ಗಿಸಿ ಕೇಳಿ, “ಇದನ್ನ ಮಾಮಾಗ ಹೇಳಬೇಕಿತ್ತ್ರಿ,” ಎಂದ. ಹೌದು ಎಂದೆ.

ಬಹಳ ದಿನ ಯಾರೂ ಜಾರಿದೆನೆಂದು ಹೇಳಲಿಲ್ಲ. ಜಾರುತ್ತಿದ್ದಾರೆಂದು ನನಗೆ ಗೊತ್ತಿತ್ತು. ಅಕ್ಕೋರು ಗರ್ದಕ್ಕೆ ಲೈಸನ್ಸ್ ಕೊಟ್ಟಿದ್ದಾರೆ ಎಂಬ ಮಾತು ಹಬ್ಬಿ ಸಂಚಾಲಕರ ಕಿವಿಗೂ ಹೋಯಿತು. ಆಣೆ ಇಟ್ಟುಕೊಂಡವರಲ್ಲಿ ಇಬ್ಬರು ಗಟ್ಟಿಯಾಗಿ ನಿಂತಿದ್ದರು, ಇಳಿಸಿಕೊಂಡವರಲ್ಲಿ ಒಬ್ಬ ಹೆಂಡತಿಯ ಕೊರಳ ಬೋರಮಾಳ ಸರ ಮಾರಿ ಓಡಿಹೋಗಿದ್ದ. ಎರಡನ್ನೂ ನನ್ನೆದುರು ಇಟ್ಟು, ಈಗ ಏನು ಹೇಳುತ್ತೀರಿ ಎಂದು ಸಂಚಾಲಕರು ಕೇಳಿದರು. ಮೊದಲ ತಪ್ಪನ್ನು ತಿದ್ದಲು ಹೋಗಿ ಇನ್ನೊಂದು ಮಾಡಿದೆನೇ ಎಂಬ ಅನುಮಾನದಲ್ಲೇ ಆ ಬೇಸಿಗೆ ಕಳೆಯಿತು.

ಮಳೆ ಶುರುವಾಗುವ ಮುಂಚಿನ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಕೇಂದ್ರದ ಫೋನ್ ಬಡಿಯಿತು. ಎಸ್‌ಟಿಡಿ ಬೂತಿನಿಂದ ಬೀಡಿ ನಾತದ ಮಾತಾಡಿದ ಹೆಂಗಸು. “ಅಕ್ಕೋರೆ, ಸೈಟಿಗೆ ಬರ್ರಿ. ಆಕಿ ತಮ್ಮ. ಊದಾಕತ್ತಾಳ.” ಅಷ್ಟೇ ಹೇಳಿ ಇಟ್ಟಳು. ಡಾಕ್ಟರು ಆಂಪೂಲ್‌ಗಳನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು.

ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಅವನು ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಮಧ್ಯಾಹ್ನ ಅಕ್ಕನ ಸೈಟಿಗೆ ಬಂದಿದ್ದ. ಅವಳು ಮರಳ ರಾಶಿಯ ನೆರಳಿನಲ್ಲಿ ರೊಟ್ಟಿ ಬಿಚ್ಚಿದ್ದಳು. “ಅಕ್ಕಾ, ತಗೊಂಡೀನಿ. ಸ್ವಲ್ಪ ತಗೊಂಡೀನಿ, ಆದ್ರೂ ಕಣ್ಣು ಮುಚ್ಚಾಕತ್ತಾವ. ನನ್ನ ಮಗ್ಗಲಾಗ ಕುಂದ್ರು,” ಎಂದನಂತೆ. ಅವಳು ಮೊದಲು ಕಪಾಳಕ್ಕೆ ಎರಡು ಬಿಟ್ಟಳು. ಆಮೇಲೆ ಕುಳಿತಳು.

ನಾವು ಹೋದಾಗ ಅವಳು ಮರಳಿನ ಮೇಲೆ ಮೊಣಕಾಲೂರಿ, ಒಂದು ಕೈಯಲ್ಲಿ ಅವನ ಮೂಗು ಹಿಡಿದು ಊದುತ್ತಿದ್ದಳು. ಎದೆ ಏಳುತ್ತಿತ್ತು. ಸುತ್ತ ನಿಂತ ಗಂಡಸರು ಪ್ರತಿ ಉಸಿರಿಗೂ “ಹಾಂ, ಬಂತು” ಎನ್ನುತ್ತಿದ್ದರು. ಡಾಕ್ಟರು ತೊಡೆಗೆ ಚುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ತಾನೇ ಒಂದು ಉಸಿರೆಳೆದ, ಕೆಮ್ಮಿದ, ಕಣ್ಣು ಬಿಟ್ಟು, ಅಕ್ಕನನ್ನು ನೋಡಿ, “ಯಾಕ್ ಹೊಡದಿ?” ಎಂದು ವಾಂತಿ ಮಾಡಿಕೊಂಡ.

ಆಸ್ಪತ್ರೆಗೆ ಹೋಗಲು ಪೊಲೀಸರ ಹೆದರಿಕೆಯಿಂದ ಅವನು ಒಪ್ಪಲಿಲ್ಲ. ಕೇಂದ್ರಕ್ಕೆ ತಂದು ಮಲಗಿಸಿದೆವು. ಮದ್ದಿನ ಬಲ ಬೇಗ ಇಳಿಯುತ್ತದೆ, ಗರ್ದ ಒಳಗೆ ಇನ್ನೂ ಇರುತ್ತದೆ, ಉಸಿರು ಮತ್ತೆ ನಿಲ್ಲಬಹುದು, ಯಾರಾದರೂ ಪಕ್ಕ ಬಿಡದೆ ಕೂತಿರಬೇಕು, ಮಂಪರು ಬಂದ ಕೂಡಲೇ ನನ್ನನ್ನು ಕರೆಯಿರಿ ಎಂದು ಹೇಳಿ ಡಾಕ್ಟರು ಇನ್ನೊಂದು ಆಂಪೂಲನ್ನು ಮೇಜಿನ ಮೇಲಿಟ್ಟು ವಾರ್ಡ್ ನೋಡಲು ಹೋದರು. ಅಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಸೀರೆಯಲ್ಲಿ ಮರಳಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ನೀರು ಬೇಕೇ ಎಂದು ಕೇಳಿದೆ. ಅವಳು ತಮ್ಮನ ಹೊದಿಕೆ ಸರಿಮಾಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಎದ್ದಳು. ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಬಂದಿದ್ದಳು. ಸೆರಗಿನಿಂದ ಸ್ಟೂಲ್ ಒರೆಸಿ, ನನ್ನ ಕಡೆ ತಿರುಗಿದಳು.

“ನನ್ನ ಗಂಡಗ ಯಾರೂ ಕುಂತಿರಲಿಲ್ಲ,” ಎಂದಳು. “ಇವಂಗ ನೀವು ಕುಂದ್ರಿ.”

ಅವಳು ಮೆಟ್ಟಿಲಿಳಿದು ಹೋದಳು. ನಾನು ಬಂದು ಕುಳಿತು ಅವನ ಎದೆಯನ್ನು ನೋಡತೊಡಗಿದೆ.